ಚೊಕ್ಕ ಮಾಡಿದ ಪ್ಲೇಟು

ಹಲಗೂರು
4 ಅಕ್ಟೋಬರ್ 1940

ಪಾಷಾ ಸಾಹೇಬರಿಗೆ ಮರಿಯಯ್ಯನ ನಮಸ್ಕಾರಗಳು.

ಹೋದ ವರ್ಷ ನಮ್ಮ ಸ್ಕೂಲಿನ ಗ್ರೂಪ್ ಫೋಟೋ ತೆಗೆಯಲು ಬಂದಾಗ ನಿಮ್ಮ ತಂದೆಯವರ ಕಾಲದ ಹಿತ್ತಾಳೆ ಲೆನ್ಸನ್ನು ನನ್ನ ಕೈಗಿಟ್ಟು, "ತಕ್ಕಳಿ ಮೇಷ್ಟ್ರೇ, ಅಟ್ಟದ ಮ್ಯಾಲೆ ಸುಮ್ಕೆ ಬಿದ್ದದೆ, ನಿಮ್ಗಾರಾ ಆಯ್ತದೆ" ಎಂದಿರಿ. ಅದು ಈಗ ಉಪಯೋಗಕ್ಕೆ ಬಂದಿದೆ. ಕಮ್ಮಾರ ಚಿಕ್ಕಮಾದು ಹಳೆಯ ಗಾಡಿಯ ಅಚ್ಚಿನಿಂದ ಒಂದು ನಿಲುವು ಮಾಡಿಕೊಟ್ಟ. ಆಕಾಶ ಸರಿದಂತೆ ಲೆನ್ಸೂ ಅದರ ಹಿಂದೆಯೇ ಸರಿಯಬೇಕು. ಅದಕ್ಕೆ ಒಂದು ತಿರುಪನ್ನು ಕೂದಲೆಳೆಯಷ್ಟು, ಕೂದಲೆಳೆಯಷ್ಟು ತಿರುಗಿಸುತ್ತಾ ಕೂರಬೇಕು. ಮಹಾಲಯ ಅಮಾವಾಸ್ಯೆಯ ಮಾರನೆಯ ದಿನ ಎರಡೂವರೆ ಗಂಟೆ ಹಾಗೆ ಕೂತು ಗಾಜಿನ ಪ್ಲೇಟಿನ ಮೇಲೆ ಒಂದು ಫೋಟೋ ತೆಗೆದಿದ್ದೇನೆ.

ಅದನ್ನು ಕರಿ ಕಾಗದದಲ್ಲಿ ಸುತ್ತಿ ಬಸ್ಸಿನ ಕಂಡಕ್ಟರ್ ಶಿವಣ್ಣನ ಕೈಯಲ್ಲಿ ಕಳಿಸಿದ್ದೇನೆ. ನಕ್ಷತ್ರಗಳ ಚಿತ್ರ, ಅಷ್ಟೇ. ಒಂದು ವೇಧಶಾಲೆಯಲ್ಲಿ ಸಹಾಯಕನ ಕೆಲಸ ಖಾಲಿಯಿದೆ. ನೋಡಿದ್ದೇನೆ ಎಂದು ಬರೆದರೆ ಸಾಲದು, ಪ್ಲೇಟು ಕಳಿಸಿದರೆ ಆಮೇಲೆ ಮಾತು ಎಂದಿದ್ದಾರೆ. ನಮ್ಮ ಆದಿಕರ್ನಾಟಕ ಹಾಸ್ಟೆಲಿನಲ್ಲಿ ಓದಿದವರು ಯಾರೂ ಇದುವರೆಗೆ ಅಂಥ ಕಡೆ ಹೋಗಿಲ್ಲ. ನಾವು ಹೋಗಿ ನಿಂತರೆ ಮೊದಲು ಹುಡುಕುವುದೇ ಕೊಳೆ. ಆದ್ದರಿಂದ ದಯವಿಟ್ಟು ಚೊಕ್ಕವಾಗಿ ತೊಳೆದುಕೊಡಿ. ಒಂದು ಕಲೆ, ಒಂದು ಬೆರಳಿನ ಗುರುತು ಇರಬಾರದು.

ಮರಿಯಯ್ಯ


ಮದ್ದೂರು
9 ಅಕ್ಟೋಬರ್ 1940

ಮರಿಯಯ್ಯ ಮೇಷ್ಟ್ರಿಗೆ ಅಕ್ರಂ ಪಾಷಾನ ಸಲಾಂ.

ಪ್ಲೇಟು ಬಂತು. ತೊಳೆದೆ, ಒಣಗಿಸಿದೆ, ಇದೋ ಕಳಿಸಿದ್ದೇನೆ. ಜೊತೆಗೆ ಒಂದು ಪ್ರಿಂಟೂ ಇದೆ. ಹದಿನೆಂಟು ವರ್ಷದಿಂದ ಮುಖ ತೊಳೆದ ಟ್ರೇಯಲ್ಲಿ ಆಕಾಶ ತೊಳೆದದ್ದು ಇದೇ ಮೊದಲು. ನೆಗೆಟಿವ್‌ನಲ್ಲಿ ನಕ್ಷತ್ರವೆಲ್ಲ ಕಪ್ಪು ಚುಕ್ಕಿ ತಾನೇ, ರಾಗಿ ಚೆಲ್ಲಿದ ಹಾಗಿತ್ತು. ಎಣಿಸಲು ಕೂತೆ, ಮುನ್ನೂರಕ್ಕೆ ಕಣ್ಣು ನೋವು ಬಂದು ಬಿಟ್ಟೆ.

ಚೊಕ್ಕವಾಗಿರಲಿ ಎಂದಿರಿ. ಈ ಮಾತನ್ನು ನನಗೆ ಹೇಳಬೇಕೇ? ಕೊಪ್ಪದ ಕಡೆಯ ಒಂದು ಹೆಣ್ಣಿಗೆ ಮುಖದ ತುಂಬ ಸಿಡುಬಿನ ಕಲೆ. ನನ್ನ ಅಂಗಡಿಯಲ್ಲಿ ಫೋಟೋ ತೆಗೆಸಿಕೊಂಡು ಹೋದ ಒಂದೇ ತಿಂಗಳಿಗೆ ಲಗ್ನ ಆಯಿತು. ಧಾರೆಯ ಮಾರನೆಯ ದಿನ ಗಂಡಿನ ಸೋದರಮಾವ ಬಂದು, "ಏನ್ಲಾ ಸಾಬಿ, ಪೋಟೋದಾಗಿದ್ದೋಳು ಇವ್ಳೇನ್ಲಾ?" ಎಂದು ಅಂಗಡಿ ಮುಂದೆ ಕೂಗಾಡಿದ, ಅದು ಬೇರೆ ಮಾತು. ಹುಡುಗಿ ಈಗ ಎರಡು ಮಕ್ಕಳ ತಾಯಿ. ನೆಗೆಟಿವ್ ತಿದ್ದುವ ಪೆನ್ಸಿಲು, ಚಾಕು ಕೈಗೆ ಬಂದರೆ ನಾನು ಊಟ ಮರೆಯುವವನು. ನಿಮ್ಮ ಆಕಾಶಕ್ಕೂ ಅದೇ ಮರ್ಯಾದೆ ಮಾಡಿದ್ದೇನೆ. ಅದರಲ್ಲಿ ಒಂದು ಕಲೆ ಸಿಕ್ಕಿದರೆ ನನ್ನ ಹೆಸರು ಬದಲಾಯಿಸಿ.

ನನ್ನ ತಾಯಿ ಸುಲ್ತಾನ್ ಬೀ ಪ್ರಿಂಟನ್ನು ಬೆಳಕಿಗೆ ಹಿಡಿದು, "ಇಷ್ಟೂವ ಆ ಮೇಷ್ಟ್ರು ಒಬ್ನೇ ಕುಂತ್ಕಂಡು ತಗುದ್ನಾ? ಅವ್ನಿಗ್ ಕೆಲ್ಸ ಸಿಕ್ತದೆ ಬುಡು" ಎಂದಳು. ನಮ್ಮಮ್ಮನ ಬಾಯಿಂದ ಬಂದದ್ದು ಸುಳ್ಳಾಗುವುದಿಲ್ಲ.

ಅಕ್ರಂ ಪಾಷಾ


ಹಲಗೂರು
14 ಅಕ್ಟೋಬರ್ 1940

ಪಾಷಾ ಸಾಹೇಬರಿಗೆ ನಮಸ್ಕಾರ.

ಚಿತ್ರ ಚೊಕ್ಕವಾಗಿದೆ. ಆದರೆ ನಾನು ಯಾವುದಕ್ಕಾಗಿ ತೆಗೆದೆನೋ ಅದು ಅದರಲ್ಲಿಲ್ಲ.

ನಿಮಗೆ ಮೊದಲೇ ಹೇಳಬೇಕಾಗಿತ್ತು. ಸ್ಕೂಲಿನಲ್ಲಿ ಒಮ್ಮೆ ಹೇಳಿ ನಗೆಪಾಟಲಾಗಿದ್ದೆ, ಅದಕ್ಕೆ ನಾಚಿಕೊಂಡು ನಿಮಗೂ ಬರೆಯಲಿಲ್ಲ. ಕುಂಭರಾಶಿಯಲ್ಲಿ ಒಂದು ನೀಹಾರಿಕೆ ಇದೆ. ಗ್ರಹರೂಪಿ ನೀಹಾರಿಕೆ ಎನ್ನುತ್ತಾರೆ. ಹೆಸರಿನಲ್ಲಿ ಗ್ರಹವಿದ್ದರೂ ಗ್ರಹವಲ್ಲ. ಒಂದು ನಕ್ಷತ್ರದ ಸುತ್ತ ಹರಡಿ ನಿಂತ ಅನಿಲದ ಉಂಗುರ. ಬಹಳ ಮಸುಕು. ನನ್ನ ಸಣ್ಣ ದೂರದರ್ಶಕದಲ್ಲಿ ಎರಡು ಸಲ ಕಂಡಿದ್ದೇನೆ, ಗಾಜಿನ ಮೇಲೆ ಉಸಿರು ಬಿಟ್ಟ ಹಾಗೆ. ವೇಧಶಾಲೆಯವರು ಕೇಳಿದ್ದು ಅದರ ಪ್ಲೇಟನ್ನೇ. ಸಾಮಾನ್ಯ ಲೆನ್ಸಿನಲ್ಲಿ ಅದನ್ನು ಹಿಡಿದರೆ ಕೆಲಸ ನನ್ನದು ಎಂದಿದ್ದರು.

ಪ್ಲೇಟಿನ ನಡುವೆ ಮೂರು ನಕ್ಷತ್ರ ಒಲೆಗುಂಡಿನ ಹಾಗೆ ಇವೆಯಲ್ಲ, ಅವುಗಳ ಮಧ್ಯೆ ಸಾಸಿವೆ ಗಾತ್ರಕ್ಕೆ ಅದು ಇರಬೇಕಿತ್ತು. ಆ ಜಾಗ ಬೋಳು. ಕಾಣದ್ದನ್ನು ಕಂಡೆ ಎಂದುಕೊಂಡೆನೋ ಏನೋ. ನನ್ನ ನೋಟದಲ್ಲಿ ತಪ್ಪಿರಬಹುದು ಎಂದು ಅವರಿಗೂ ಬರೆದುಬಿಟ್ಟೆ. ಬರೆದ ಮೇಲೆ ಮುಖ ಎತ್ತಿ ಮೇಲೆ ನೋಡಲು ಮನಸ್ಸಾಗುತ್ತಿಲ್ಲ.

ಒಂದು ಮಾತು ಕೇಳುತ್ತೇನೆ. ತೊಳೆಯುವಾಗ ಆ ಜಾಗದಲ್ಲಿ ಏನಾದರೂ ನಿಮ್ಮ ಕಣ್ಣಿಗೆ ಬಿದ್ದಿತ್ತೇ?

ಮರಿಯಯ್ಯ


ಮದ್ದೂರು
22 ಅಕ್ಟೋಬರ್ 1940

ಮೇಷ್ಟ್ರಿಗೆ ಸಲಾಂ.

ಏನೂ ಬಿದ್ದಿರಲಿಲ್ಲ.

ಇನ್ನೊಂದು ಸಲ ತೆಗೆಯಿರಿ. ಯುದ್ಧದ ದೆಸೆಯಿಂದ ಪ್ಲೇಟು ಬರುತ್ತಿಲ್ಲ. ನನ್ನ ಹತ್ತಿರ ಹೊಸವು ಎರಡೇ ಇದ್ದವು, ಎರಡನ್ನೂ ಕಳಿಸಿದ್ದೇನೆ. ಬೇಡ ಎನ್ನಬೇಡಿ. ತಪ್ಪು ನಿಮ್ಮ ಕಣ್ಣಿನದಲ್ಲ ಎಂದು ನನಗನ್ನಿಸುತ್ತದೆ. ಆ ವೇಧಶಾಲೆಯವರಿಗೆ ಹಾಗೆ ಬರೆಯಬಾರದಿತ್ತು ನೀವು.

ಅಕ್ರಂ ಪಾಷಾ


ಹಲಗೂರು
3 ನವೆಂಬರ್ 1940

ಪಾಷಾ ಸಾಹೇಬರಿಗೆ ನಮಸ್ಕಾರ.

ವೇಧಶಾಲೆಯಿಂದ ಉತ್ತರ ಬಂತು. ಈ ತಿಂಗಳ ಕೊನೆಯವರೆಗೆ ಕಾಯುತ್ತಾರಂತೆ. ದೀಪಾವಳಿಯ ಅಮಾವಾಸ್ಯೆಗೆ ಕೂತೆ. ಮಳೆ ಬಂದು ಒಂದು ಪ್ಲೇಟು ನೆನೆದುಹೋಯಿತು. ಇನ್ನೊಂದಕ್ಕೆ ಮೋಡದ ಸಂದಿಯಲ್ಲಿ ಮೂವತ್ತೈದು ನಿಮಿಷ ಸಿಕ್ಕಿತು. ಕಳಿಸಿದ್ದೇನೆ. ಆಸೆಯೇನೂ ಇಲ್ಲ. ಇನ್ನು ಕುಂಭರಾಶಿ ಪಡುವಲಿಗೆ ಇಳಿದುಬಿಡುತ್ತದೆ, ಮತ್ತೆ ಬರುವ ವರ್ಷವೇ.

ಮರಿಯಯ್ಯ


ಮದ್ದೂರು
7 ನವೆಂಬರ್ 1940

ಮೇಷ್ಟ್ರೇ, ಬಂದಿದೆ. ಮೂರು ನಕ್ಷತ್ರದ ಮಧ್ಯೆ, ನೀವು ಹೇಳಿದ ಜಾಗದಲ್ಲೇ ಉಂಗುರ ಬಂದಿದೆ. ತಡ ಮಾಡದೆ ಕಳಿಸಿಬಿಡಿ.

ಅಕ್ರಂ ಪಾಷಾ


ಹಲಗೂರು
9 ನವೆಂಬರ್ 1940

ಪ್ಲೇಟು ತಲುಪಿತು. ಇವತ್ತಿನ ಟಪಾಲಿಗೇ ವೇಧಶಾಲೆಗೆ ಹಾಕಿದೆ. ನಿಮ್ಮ ಉಪಕಾರ ದೊಡ್ಡದು.

ಮರಿಯಯ್ಯ


ಹಲಗೂರು
18 ಡಿಸೆಂಬರ್ 1940

ಪಾಷಾ ಸಾಹೇಬರಿಗೆ,

ಪ್ಲೇಟು ವಾಪಸು ಬಂದಿದೆ. ಜೊತೆಗೆ ಮೂರು ಸಾಲಿನ ಕಾಗದ. ಉಂಗುರವನ್ನು ಪೆನ್ಸಿಲಿನಿಂದ ಬರೆಯಲಾಗಿದೆ, ಇನ್ನು ಮುಂದೆ ನಮಗೆ ಬರೆಯಬೇಡಿ ಎಂದು. ಅದರ ಪ್ರತಿಯನ್ನು ನಮ್ಮ ಸ್ಕೂಲ್ ಇನ್‌ಸ್ಪೆಕ್ಟರಿಗೂ ಕಳಿಸಿದ್ದಾರೆ. ಅವರು ಬಂದು ಎಲ್ಲ ಮೇಷ್ಟ್ರುಗಳನ್ನೂ ನಿಲ್ಲಿಸಿಕೊಂಡು ಓದಿದರು. ಓದಿ ಮುಗಿದ ಮೇಲೆ ಒಬ್ಬರು, "ನಾ ಏಳ್ಲಿಲ್ವಾ ಸಾ, ಇವ್ರ ಜನಕ್ಕೆ ಇನ್ನೂ ಟೈಮು ಬೇಕು ಅಂತ" ಎಂದರು. ಯಾರೂ ನಗಲಿಲ್ಲ. ನಕ್ಕಿದ್ದರೆ ತಡೆದುಕೊಳ್ಳಬಹುದಿತ್ತು.

ನಾನು ಒಬ್ಬ ಮಾಡಿದರೆ ಒಬ್ಬನ ತಪ್ಪಾಗಿ ಉಳಿಯುವುದಿಲ್ಲ, ಅದು ನಿಮಗೂ ಗೊತ್ತು. ನನ್ನ ಹಿಂದೆ ಹಾಸ್ಟೆಲಿನಲ್ಲಿ ಓದುತ್ತಿರುವವರ ಮುಖ ನೆನಪಾಗಿ ಆ ಕೊಠಡಿಯಿಂದ ಹೇಗೆ ಹೊರಗೆ ಬಂದೆನೋ ತಿಳಿಯದು. ಮನೆಯಲ್ಲಿ ಇನ್ನೂ ಹೇಳಿಲ್ಲ.

ಸಾಹೇಬರೇ, ನನಗೆ ತಿಳಿಯದ ಹಾಗೆ ಇದು ಹೇಗಾಯಿತು?

ಮರಿಯಯ್ಯ


ಮದ್ದೂರು
22 ಡಿಸೆಂಬರ್ 1940

ಮೇಷ್ಟ್ರೇ,

ನಾನೇ ಮಾಡಿದ್ದು. ಎರಡು ಸಲವೂ ನಾನೇ.

ಮೊದಲನೆಯ ಪ್ಲೇಟು ಒಣಗಿದ ಮೇಲೆ ಮೂರು ನಕ್ಷತ್ರದ ನಡುವೆ ಮಸುಕಾದ ಒಂದು ಬಳೆ ಕಂಡಿತು. ನಮ್ಮ ಬಾವಿಯ ನೀರು ಗಡಸು. ಪ್ಲೇಟಿನ ಮೇಲೆ ಹನಿ ನಿಂತು ಆರಿದರೆ ಥೇಟು ಅಂಥದೇ ಬಳೆ ಉಳಿಯುತ್ತದೆ. ದಿನಾ ನೋಡುವ ಕಲೆ. ನೀವು ಬೇರೆ ಚೊಕ್ಕವಾಗಿರಲಿ ಎಂದಿದ್ದಿರಿ. ಚಾಕು ತೆಗೆದುಕೊಂಡು ಕೆರೆದೆ, ಎದ್ದು ಚಾ ಕುಡಿದೆ, ನಿಮಗೆ ಜಂಬದ ಕಾಗದ ಬರೆದೆ. ಐದಾರು ದಿನ ಬಿಟ್ಟು ನಿಮ್ಮ ಉತ್ತರ ಬಂತು. ಓದುತ್ತಿದ್ದ ಹಾಗೆ ನಾನು ಕೆರೆದದ್ದು ಏನೆಂದು ತಿಳಿಯಿತು.

ಏನಾದರೂ ಕಣ್ಣಿಗೆ ಬಿದ್ದಿತ್ತೇ ಎಂದು ಕೇಳಿದ್ದಿರಿ. ಹೌದು ಎನ್ನಲು ಒಂದು ಕಾರ್ಡು ಸಾಕಿತ್ತು. ಎರಡೂವರೆ ಗಂಟೆ ಬೆನ್ನು ಬಗ್ಗಿಸಿ ಕೂತವರಿಗೆ, ನಿಮ್ಮ ಉಂಗುರವನ್ನು ನಾನು ಕೊಳೆ ಎಂದು ಕೆರೆದೆ ಎಂದು ಯಾವ ಬಾಯಲ್ಲಿ ಹೇಳಲಿ? ಕೈಗುಣದವನು ಎಂದು ನಾಲ್ಕು ಊರಲ್ಲಿ ಹೆಸರು. ನಾಚಿಕೆಯಾಯಿತು. ಇಲ್ಲ ಎಂದು ಬರೆದೆ.

ಎರಡನೆಯದರಲ್ಲಿ ನಿಜಕ್ಕೂ ಏನೂ ಇರಲಿಲ್ಲ. ಬರೀ ಮೋಡ. ನಾನು ತೆಗೆದದ್ದನ್ನು ನಾನೇ ವಾಪಸು ಇಡುತ್ತಿದ್ದೇನೆ, ಇದರಲ್ಲಿ ಮೋಸ ಏನು ಬಂತು ಎಂದು ಮನಸ್ಸಿಗೆ ಸಮಾಧಾನ ಹೇಳಿ ಪೆನ್ಸಿಲು ಚೂಪು ಮಾಡಿದೆ. ನನ್ನ ಹೆಂಡತಿ ಶಮೀಮ್ ಬಾನುಗೆ ನಿನ್ನೆ ಎಲ್ಲ ಹೇಳಿದೆ. "ಕಲೆ ತಗೀತಾ ತಗೀತಾ ಒಬ್ಬನ್ ಕಣ್ಣೇ ತಗುದ್ಬುಟ್ರಲ್ಲ" ಎಂದು ಎದ್ದು ಒಳಗೆ ಹೋದಳು.

ವಕೀಲರ ಹತ್ತಿರ ಇಂಗ್ಲಿಷಿನಲ್ಲಿ ಬರೆಸಿ ವೇಧಶಾಲೆಗೆ ಕಾಗದ ಹಾಕಿದ್ದೇನೆ. ಕೆರೆದವನೂ ನಾನು, ಬರೆದವನೂ ನಾನು, ಮೇಷ್ಟ್ರಿಗೆ ಏನೊಂದೂ ತಿಳಿಯದು ಎಂದು. ಕುರಾನ್ ಮೇಲೆ ಕೈಯಿಟ್ಟು ಇಬ್ಬರು ಸಾಕ್ಷಿಯ ಮುಂದೆ ಹೇಳಿ ಸಹಿ ಹಾಕಿದೆ. ನಿಮ್ಮ ಇನ್‌ಸ್ಪೆಕ್ಟರಿಗೂ ಒಂದು ಪ್ರತಿ ಹೋಗಿದೆ. ನೀವು ಆ ಮೊದಲನೆಯ ಪ್ಲೇಟನ್ನು ಅವರಿಗೆ ಕಳಿಸಿಕೊಡಿ, ಚಾಕುವಿನ ಗುರುತು ಅವರೇ ನೋಡಲಿ.

ಮಾಫ್ ಮಾಡಿ ಎಂದು ಈಗಲೇ ಕೇಳಲು ಮುಖವಿಲ್ಲ. ನಿಮಗೆ ಕೆಲಸ ಸಿಕ್ಕಲಿ, ಆಮೇಲೆ ಕೇಳುತ್ತೇನೆ.

ಅಕ್ರಂ ಪಾಷಾ


ಹಲಗೂರು
6 ಮಾರ್ಚ್ 1941

ಪಾಷಾ ಸಾಹೇಬರಿಗೆ,

ನಿಮ್ಮ ಕಾಗದವನ್ನು ಅವರು ನಂಬಿದ್ದಾರೆ. ಮೊದಲನೆಯ ಪ್ಲೇಟಿನಲ್ಲಿ ಕೆರೆದ ಜಾಗದ ಅಂಚಿಗೆ ಉಂಗುರದ ಒಂದು ಎಳೆ ಉಳಿದಿದೆಯಂತೆ. ಕೆಲಸ ಕೊಟ್ಟಿದ್ದಾರೆ. ಸೋಮವಾರ ಹೊರಡುತ್ತೇನೆ.

ಲೆನ್ಸನ್ನು ಶಿವಣ್ಣನ ಕೈಯಲ್ಲಿ ಕಳಿಸಿದ್ದೇನೆ, ನೋಡಿ ತೆಗೆದುಕೊಳ್ಳಿ. ರೈಲು ಹತ್ತುವುದು ಮದ್ದೂರಿನಲ್ಲೇ ಆದರೂ ಅಂಗಡಿಗೆ ಬಂದು ಹೋಗಲು ಸಮಯವಾಗುವುದಿಲ್ಲ.

ಮರಿಯಯ್ಯ


ಮದ್ದೂರು
12 ಜುಲೈ 1946

ಮರಿಯಯ್ಯ ಮೇಷ್ಟ್ರಿಗೆ ಅಕ್ರಂ ಪಾಷಾನ ಸಲಾಂ.

ಇದು ಆರನೆಯ ಕಾಗದ. ವರ್ಷಕ್ಕೊಂದು, ಮಾಫಿ ಕೇಳುವ ಶಬೇ ಬರಾತ್ ಹಬ್ಬಕ್ಕೆ ಮುಂಚೆ. ಐದಕ್ಕೂ ಉತ್ತರ ಬರಲಿಲ್ಲ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಎಲ್ಲರ ಮುಂದೆ ನಿಮ್ಮ ಮಾನ ಹೋದದ್ದು ನನ್ನಿಂದ. ಕೆಲಸ ಸಿಕ್ಕಿತು ಎಂದು ಆ ದಿನ ಅಳಿಸಿ ಹೋಗುತ್ತದೆಯೇ?

ಅಂಗಡಿಯ ಸಮಾಚಾರ ಕೇಳಿ, ನಗು ಬರುತ್ತದೆ. ನನ್ನ ತಪ್ಪೊಪ್ಪಿಗೆ ನಿಮ್ಮ ಇನ್‌ಸ್ಪೆಕ್ಟರಿಗೆ ಹೋದಾಗಲೇ ಸ್ಕೂಲುಗಳ ಗ್ರೂಪ್ ಫೋಟೋ ನಿಂತಿತ್ತು. ಈಗ ಹೆಣ್ಣು ನೋಡುವವರೂ, "ಮದ್ದೂರ್ ಪಾಷಾ ಅಂಗ್ಡಿ ಪೋಟೋನಾ? ಅದ್ ಬ್ಯಾಡ, ಎಣ್ಣನ್ನೇ ಕರ್ಕಂಡ್ ಬನ್ನಿ" ಎನ್ನುತ್ತಾರಂತೆ. ಬೆಸಗರಹಳ್ಳಿಯ ಕಡೆಯವರು ಸತ್ತವರ ಫೋಟೋಕ್ಕೆ ಮಾತ್ರ ಬರುತ್ತಾರೆ, ಅದರಲ್ಲಿ ಮೋಸ ಮಾಡಿ ಏನು ಪ್ರಯೋಜನ ಎಂದು. ಮಾಡಿದ್ದುಣ್ಣೋ ಮಹರಾಯ. ನನಗೆ ಅದರ ಕೊರಗಿಲ್ಲ.

ಕೊರಗು ಬೇರೆ. ಯುದ್ಧ ಮುಗಿದು ಈ ವರ್ಷ ಹಜ್ಜಿಗೆ ಹಡಗು ಬಿಡುತ್ತಿದ್ದಾರೆ. ಅಮ್ಮನಿಗೆ ಎಪ್ಪತ್ತೆರಡು. ನನ್ನ ಬುದ್ಧಿ ತಿಳಿದಾಗಿನಿಂದ ಅವಳಿಗೆ ಇರುವುದು ಇದೊಂದೇ ಆಸೆ. ಹೆಂಗಸು ಒಬ್ಬಳೇ ಹೋಗುವಂತಿಲ್ಲ, ನಾನೊಬ್ಬನೇ ಮಗ. ಹೋಗುವ ಮುಂಚೆ ಯಾರ್ಯಾರಿಗೆ ತಪ್ಪು ಮಾಡಿದ್ದೇವೋ ಅವರನ್ನೆಲ್ಲ ಕೇಳಿಕೊಳ್ಳುವುದು ನಮ್ಮ ಪದ್ಧತಿ. ಬೀದಿಯಲ್ಲಿ ಎಲ್ಲರ ಮನೆಗೂ ಹೋಗಿ ಬಂದೆ. ಸಿಡುಬಿನ ಹುಡುಗಿಯ ಗಂಡನ ಆ ಸೋದರಮಾವನ ಮನೆಗೂ ಹೋಗಿದ್ದೆ. ಅವನು ಬೈದು, ಆಮೇಲೆ ಎಳನೀರು ಕೊಟ್ಟ. ನೀವೊಬ್ಬರು ಉಳಿದಿದ್ದೀರಿ.

ಸಿಟ್ಟಿನವರನ್ನು ಬಲವಂತ ಮಾಡಬಾರದು, ಅಲ್ಲಾನನ್ನೇ ಕೇಳಿಕೊಳ್ಳುತ್ತೇನೆ ಎಂದರೆ ಅಮ್ಮ ಒಪ್ಪುವುದಿಲ್ಲ. "ಅಲ್ಲಾಗ್ ಮಾಡಿದ್ ತಪ್ನ ಅಲ್ಲಾ ಮಾಫ್ ಮಾಡ್ತಾನೆ. ಮನ್ಸಂಗೆ ಮಾಡಿದ್ದ ಆ ಮನ್ಸನೇ ಮಾಡ್ಬೇಕು ಕಣಪ್ಪ. ಮೇಷ್ಟ್ರು ಊ ಅನ್ನೋಗಂಟ ನಿನ್ ಕೈ ಇಡ್ಕಂಡು ನಾ ಎಲ್ಗೂ ಬರಾಕಿಲ್ಲ" ಎಂದು ಕೂತಿದ್ದಾಳೆ.

ಒಂದು ಕಾರ್ಡು ಸಾಕು. ಮಾಫ್ ಎಂದು ಒಂದೇ ಪದ. ಬೈಯಬೇಕೆನ್ನಿಸಿದರೆ ಕಾರ್ಡಿನ ತುಂಬ ಬೈದು ಕೊನೆಯಲ್ಲಿ ಆ ಪದ ಹಾಕಿ. ಸೆಪ್ಟೆಂಬರ್ ಒಳಗೆ ಬಂದರೆ ಹಡಗು ಸಿಗುತ್ತದೆ.

ಅಕ್ರಂ ಪಾಷಾ


ವೇಧಶಾಲೆ
14 ಸೆಪ್ಟೆಂಬರ್ 1947

ಪಾಷಾ ಸಾಹೇಬರಿಗೆ ಮರಿಯಯ್ಯ ಮಾಡುವ ನಮಸ್ಕಾರಗಳು.

ನಿಮ್ಮ ಆರು ಕಾಗದಗಳೂ ನನಗೆ ತಲುಪಿವೆ. ನಾನು ಸಿಟ್ಟಾಗಿದ್ದೇನೆ ಎಂದು ನೀವು ತಿಳಿದಿರಿ. ನೀವು ಹಾಗೆಯೇ ತಿಳಿದುಕೊಂಡಿರಲಿ ಎಂದು ಸುಮ್ಮನಿದ್ದೆ. ಸಿಟ್ಟು ಒಂದು ದಿನವೂ ಇರಲಿಲ್ಲ.

ನವೆಂಬರಿನ ಆ ಪ್ಲೇಟು ಬಂದ ದಿನ ಅದನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿ ಹಿಡಿದೆ. ಉಂಗುರದ ಜಾಗದಲ್ಲಿ ಪೆನ್ಸಿಲಿನ ಹೊಳಪಿತ್ತು. ಮೋಡದ ಸಂದಿಯ ಮೂವತ್ತೈದು ನಿಮಿಷದಲ್ಲಿ ಅದು ಬರಲು ಸಾಧ್ಯವಿಲ್ಲ ಎಂದು ಪೆಟ್ಟಿಗೆ ಬಿಚ್ಚುವ ಮೊದಲೇ ನನಗೆ ಗೊತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತಿತ್ತು. ಬಟ್ಟೆ ಕೈಗೆ ತೆಗೆದುಕೊಂಡೆ, ಮತ್ತೆ ಕೆಳಗಿಟ್ಟೆ. ನಾನು ಕಣ್ಣಾರೆ ಕಂಡದ್ದೇ ತಾನೇ, ಯಾರ ಕೈ ಬರೆದರೇನು ಎಂದುಕೊಂಡೆ. ಕೆಲಸ ಅಷ್ಟು ಬೇಕಾಗಿತ್ತು. ಡಿಸೆಂಬರಿನಲ್ಲಿ ಸಿಕ್ಕಿಬಿದ್ದ ಮೇಲೆ, ನನಗೆ ತಿಳಿಯದ ಹಾಗೆ ಹೇಗಾಯಿತು ಎಂದು ನಿಮ್ಮನ್ನೇ ಕೇಳಿದೆ. ಆ ಸಾಲು ಬರೆದು ಅಂದೇ ಟಪಾಲಿಗೆ ಹಾಕಿದೆ. ಈಗ ಅದನ್ನು ನೆನೆದರೆ ಮೈ ಹಿಡಿಯಾಗುತ್ತದೆ.

ನೀವು ಕುರಾನ್ ಮುಟ್ಟಿ ನನ್ನ ಪರವಾಗಿ ಹೇಳಿದ್ದು ಸುಳ್ಳಾಯಿತು, ಅದು ನಿಮಗೆ ತಿಳಿಯದು. ನನಗೆ ತಿಳಿದಿತ್ತು. ಬಾಯಿ ಮುಚ್ಚಿಕೊಂಡು ಬಂದು ಇಲ್ಲಿ ಕೂತೆ. ಆ ಸೋಮವಾರ ಮದ್ದೂರು ಸ್ಟೇಷನ್ನಿನಲ್ಲಿ ರೈಲು ಬರುವುದಕ್ಕೆ ಎರಡು ಗಂಟೆ ಇತ್ತು. ಬೆಂಚಿನ ಮೇಲೆ ಪೇಟೆಗೆ ಬೆನ್ನು ಮಾಡಿ ಕೂತಿದ್ದೆ.

ಹೋದ ವಾರ ನಮ್ಮ ಹಾಸ್ಟೆಲಿನಲ್ಲಿ ಓದಿದ ಕೆಂಪಸಿದ್ದಯ್ಯ ಎಂಬವನು ಇಲ್ಲಿ ಕೆಲಸಕ್ಕೆ ಸೇರಿದ. ನಮ್ಮ ದೊಡ್ಡ ಸಾಹೇಬರು ನನ್ನನ್ನು ತೋರಿಸಿ, ಮೋಸಕ್ಕೆ ಸಿಕ್ಕಿಯೂ ಪ್ರಾಮಾಣಿಕವಾಗಿ ಉಳಿದವರು, ಇವರಿಂದ ಕಲಿ ಎಂದರು. ಅವನು ಬಗ್ಗಿ ನನ್ನ ಕಾಲು ಮುಟ್ಟಿ, "ನಿಮ್ಮಿಂದ್ಲೇ ಅಣ್ಣ ನಮ್ಗೆ ಈ ಬಾಗ್ಲು ತೆಗ್ದಿದ್ದು" ಎಂದ. ನಿನ್ನೆ ಸಾಹೇಬರಿಗೆ ಎಲ್ಲವನ್ನೂ ಬರೆದುಕೊಟ್ಟೆ. ಇಟ್ಟುಕೊಳ್ಳುತ್ತಾರೋ ಕಳಿಸುತ್ತಾರೋ ಇನ್ನೂ ಹೇಳಿಲ್ಲ. ನನ್ನ ತಪ್ಪನ್ನು ಅವನ ಲೆಕ್ಕಕ್ಕೆ ಹಾಕಬೇಡಿ ಎಂದು ಮಾತ್ರ ಬೇಡಿಕೊಂಡಿದ್ದೇನೆ.

ಹೋದ ವರ್ಷ ನಿಮ್ಮ ಕಾಗದ ಓದಿ ಕಾರ್ಡು ಕೊಂಡು ತಂದಿದ್ದೆ. ಮಾಫ್ ಎಂದು ಬರೆಯಲು ನನಗೆ ಯೋಗ್ಯತೆ ಇರಲಿಲ್ಲ, ನಿಜ ಬರೆಯಲು ಧೈರ್ಯ ಇರಲಿಲ್ಲ. ಸೆಪ್ಟೆಂಬರ್ ಕಳೆಯಲಿ ಎಂದು ದಿನ ಎಣಿಸಿದೆ. ನೀವು ಹೇಗಾದರೂ ಒಪ್ಪಿಸಿ ಅಮ್ಮನವರನ್ನು ಕರೆದುಕೊಂಡು ಹೋಗಿ ಬಂದಿದ್ದೀರಿ ಎಂದು ನಂಬಿಕೊಂಡಿದ್ದೇನೆ.

ನೀವು ನನ್ನಲ್ಲಿ ಕೇಳಿದ್ದನ್ನು ಈಗ ನಾನು ನಿಮ್ಮಲ್ಲಿ ಕೇಳುತ್ತಿದ್ದೇನೆ. ಈ ಕಾಗದವನ್ನು ಅಮ್ಮನವರಿಗೂ ಓದಿ ಹೇಳಿ.

ಮರಿಯಯ್ಯ


ಮದ್ದೂರು
16 ಅಕ್ಟೋಬರ್ 1947

ಮೇಷ್ಟ್ರಿಗೆ ಸಲಾಂ.

ನಿಮ್ಮ ಕಾಗದ ಬಂದು ಇಪ್ಪತ್ತೆಂಟು ದಿನವಾಯಿತು. ಜವಾಬ್ದಾರಿ ಸರ್ಕಾರದ ಚಳವಳಿಯಲ್ಲಿ ಟಪಾಲು ನಿಂತಿತ್ತು ಎಂದು ಬರೆಯೋಣವೆಂದಿದ್ದೆ. ಅದು ಸುಳ್ಳು. ಬರೆಯಲು ಮನಸ್ಸಾಗಲಿಲ್ಲ.

ಮೊದಲ ದಿನ ಓದಿ ನಕ್ಕುಬಿಟ್ಟೆ. ಒಬ್ಬನನ್ನು ಹಾಳು ಮಾಡಿದೆ ಎಂದು ಇಷ್ಟು ವರ್ಷ ತಲೆ ತಗ್ಗಿಸಿಕೊಂಡು ಓಡಾಡಿದೆನಲ್ಲ ಎಂದು. ಎರಡನೆಯ ದಿನ ಸಿಟ್ಟು ಬಂತು. ಪ್ಲೇಟು ಕಳಿಸಿದ್ದಕ್ಕಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ಕಳಿಸುತ್ತಿದ್ದೆ. ಆ ಕಾರ್ಡು ತಂದು ಇಟ್ಟುಕೊಂಡಿರಲ್ಲ, ಅದಕ್ಕೆ. ಶಮೀಮ್ ಬಾನು ನನ್ನ ಹಾಗಲ್ಲ. "ಕಾಗ್ದದಾಗೆ ಏಳೋದ್ ಬ್ಯಾಡ, ಬಂದು ಮೊಕ ಕೊಟ್ಟು ಏಳ್ಲಿ. ಉಣ್ಣಾಕ್ ನಾನಿಕ್ತೀನಿ" ಎಂದಳು. ಆದ್ದರಿಂದ ಬನ್ನಿ. ಕೆಲಸ ಇದ್ದರೆ ರಜ ಹಾಕಿ ಬನ್ನಿ, ಹೋಗಿದ್ದರೆ ಹಾಗೇ ಬನ್ನಿ.

ಕಾಗದವನ್ನು ಅಮ್ಮನಿಗೆ ಓದಿ ಹೇಳಿ ಎಂದಿರಿ. ನಾವು ಹಜ್ಜಿಗೆ ಹೋಗಲಿಲ್ಲ. ಹೋದ ವರ್ಷ ಆಗಸ್ಟ್, ಸೆಪ್ಟೆಂಬರ್ ಎರಡು ತಿಂಗಳೂ ಅವಳು ದಿನಾ ಬಾಗಿಲಲ್ಲಿ ಕೂತು ಟಪಾಲಿನವನನ್ನು ಕೇಳುತ್ತಿದ್ದಳು, "ಮೇಷ್ಟ್ರುದೇನಾರಾ ಬಂತೇನಪ್ಪ" ಎಂದು. ಹಡಗು ಹೋಯಿತು ಎಂದು ತಿಳಿದ ಮೇಲೂ ಒಂದು ವಾರ ಕೇಳಿದಳು. ಫೆಬ್ರವರಿಯಲ್ಲಿ ತೀರಿಕೊಂಡಳು.

ನನ್ನ ಪಾಲಿನದು ಮಾಫ್ ಮೇಷ್ಟ್ರೇ, ಮನಸಾರೆ ಹೇಳುತ್ತಿದ್ದೇನೆ. ಅಮ್ಮನದು ನನ್ನ ಕೈಯಲ್ಲಿಲ್ಲ.

ಅಕ್ರಂ ಪಾಷಾ